ಲಂಡನ್ ಮ್ಯೂಸಿಯಂಗಳು: ಐದು ದಿನದಲ್ಲಿ ಏನು ನೋಡಬೇಕು, ಏನನ್ನು ಬಿಡಬೇಕು?

ಪ್ರಶ್ನೆ: ಅಕ್ಟೋಬರ್ ಎರಡನೇ ವಾರ ನಾನು, ನಮ್ಮ ಯಜಮಾನರು ಲಂಡನ್ನಿಗೆ ಮಗಳ ಮನೆಗೆ ಹೋಗುತ್ತಿದ್ದೇವೆ. ಮೂರು ವಾರ ಅಲ್ಲಿರುತ್ತೇವೆ. ಮಗಳು, ಅಳಿಯ ಇಬ್ಬರಿಗೂ ಕೆಲಸವಿರುವುದರಿಂದ ವಾರದ ದಿನಗಳಲ್ಲಿ ನಾವಿಬ್ಬರೇ ಓಡಾಡಬೇಕು. ಮ್ಯೂಸಿಯಂ ಮತ್ತು ಆರ್ಟ್ ಗ್ಯಾಲರಿಗಳಿಗೆಂದೇ ಐದು ದಿನ ಇಟ್ಟುಕೊಂಡಿದ್ದೇವೆ. ಟಿಪ್ಪುವಿನ ಹುಲಿಯನ್ನು ನೋಡಲೇಬೇಕೆಂಬುದು ಯಜಮಾನರ ಆಸೆ. ನನಗೆ ಸೀರೆ, ನೇಯ್ಗೆ, ಒಡವೆಗಳಲ್ಲಿ ಆಸಕ್ತಿ. ಅವರಿಗೆ ಮಂಡಿ ನೋವಿದೆ, ಹೆಚ್ಚು ಹೊತ್ತು ನಿಲ್ಲಲಾರರು. ಯಾವುದನ್ನು ಯಾವಾಗ ನೋಡಬೇಕು, ಟಿಕೆಟ್ ಏನು, ಊಟಕ್ಕೆ ಏನು ಮಾಡಬೇಕು ತಿಳಿಸಿ.
– ಮೈಸೂರಿನ ಓದುಗರು

ಉತ್ತರ: ಲಂಡನ್ನಿನ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಶುಲ್ಕವಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ (ಎಲ್ಲರೂ ವಿ ಅಂಡ್ ಎ ಎನ್ನುತ್ತಾರೆ), ಎರಡು ಟೇಟ್‌ಗಳು, ನ್ಯಾಚುರಲ್ ಹಿಸ್ಟರಿ, ಸೈನ್ಸ್ ಮ್ಯೂಸಿಯಂ ಎಲ್ಲವೂ ಉಚಿತ. ಕೆಲವು ಮೊದಲಿನಿಂದಲೂ ಉಚಿತ. ದುಡ್ಡು ತೆಗೆದುಕೊಳ್ಳುತ್ತಿದ್ದ ಉಳಿದವು 2001ರ ಡಿಸೆಂಬರ್‌ನಲ್ಲಿ ಶುಲ್ಕ ಕೈಬಿಟ್ಟವು. ನಿಮ್ಮ ಐದು ದಿನದ ಯೋಜನೆಯನ್ನು ಈ ಒಂದು ಸಂಗತಿಯ ಮೇಲೆ ಕಟ್ಟಿ. ಟಿಕೆಟ್ ಕೊಂಡು ಒಳಗೆ ಹೋದವರಿಗೆ ದುಡ್ಡು ವಸೂಲಾಗುವವರೆಗೂ ನೋಡಬೇಕೆಂಬ ಹಟ ಬರುತ್ತದೆ. ಇಲ್ಲಿ ಅದು ಬೇಕಿಲ್ಲ. ಎರಡು ಗಂಟೆ ನೋಡಿ ಹೊರಗೆ ಬನ್ನಿ, ಬೇಕಾದರೆ ಮುಂದಿನ ವಾರ ಮತ್ತೆ ಹೋಗಿ. ಊರಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲೇ: ಬೆಳಿಗ್ಗೆ ಹತ್ತಕ್ಕೆ ಬ್ರಿಟಿಷ್ ಮ್ಯೂಸಿಯಂ ಹೊಕ್ಕು ಸಂಜೆ ಐದರವರೆಗೆ ಸುತ್ತುತ್ತಾರೆ, ಮಧ್ಯಾಹ್ನ ಒಂದರ ಮೇಲೆ ನೋಡಿದ್ದು ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಆ ಮ್ಯೂಸಿಯಂನ ಸಂಗ್ರಹದಲ್ಲಿರುವುದು ಸುಮಾರು 80 ಲಕ್ಷ ವಸ್ತುಗಳು, ಪ್ರದರ್ಶನದಲ್ಲಿ ಇಟ್ಟಿರುವುದೇ 80 ಸಾವಿರದಷ್ಟು. ಯಾರೂ ಅದನ್ನು ಮುಗಿಸಲಾರರು. ಮಂಡಿ ನೋವಿರುವವರಂತೂ ಪ್ರಯತ್ನವನ್ನೇ ಮಾಡಬಾರದು.

ದಿನಾಂಕದ ವಿಷಯ ಮೊದಲು ಹೇಳಿಬಿಡುತ್ತೇನೆ. ಅಕ್ಟೋಬರ್ ಕೊನೆಯ ವಾರ ಅಲ್ಲಿನ ಶಾಲೆಗಳಿಗೆ ಸಾಮಾನ್ಯವಾಗಿ ಒಂದು ವಾರ ರಜೆ. ಆಗ ಸೌತ್ ಕೆನ್ಸಿಂಗ್ಟನ್ ಬಡಾವಣೆಯ ಮ್ಯೂಸಿಯಂಗಳು (ವಿ ಅಂಡ್ ಎ, ಸೈನ್ಸ್, ನ್ಯಾಚುರಲ್ ಹಿಸ್ಟರಿ), ಅದರಲ್ಲೂ ಡೈನೋಸಾರ್ ಇರುವ ನ್ಯಾಚುರಲ್ ಹಿಸ್ಟರಿ, ಮಕ್ಕಳಿಂದ ಕಿಕ್ಕಿರಿದಿರುತ್ತವೆ. ಅವನ್ನು ಮೊದಲ ಹತ್ತು ದಿನದೊಳಗೆ ನೋಡಿ ಮುಗಿಸಿ. ಇನ್ನೊಂದು ವಿಷಯ, ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ, ಅಲ್ಲಿಂದ ಮುಂದೆ ಸಂಜೆ ಐದಕ್ಕೆಲ್ಲ ಕತ್ತಲೆ. ಹೊರಗೆ ನಡೆದಾಡುವ ಕಾರ್ಯಕ್ರಮವೇನಿದ್ದರೂ ಅದಕ್ಕೆ ಮುಂಚೆ ಇರಲಿ.

ಟಿಪ್ಪುವಿನ ಹುಲಿಯಿಂದಲೇ ಶುರು ಮಾಡೋಣ. ಅದಿರುವುದು ವಿ ಅಂಡ್ ಎ ಸಂಗ್ರಹದಲ್ಲಿ. ಹಲವಾರು ವರ್ಷ ಅದು ನೆಲಮಹಡಿಯ 41ನೇ ರೂಮಿನಲ್ಲಿ, ನೆಹರೂ ಗ್ಯಾಲರಿಯಲ್ಲಿತ್ತು. ಆ ದಕ್ಷಿಣ ಏಷ್ಯಾ ಗ್ಯಾಲರಿಯನ್ನು ಪೂರ್ತಿ ಹೊಸದಾಗಿ ಜೋಡಿಸುವ ಕೆಲಸವನ್ನು ಮ್ಯೂಸಿಯಂ ಕೈಗೆತ್ತಿಕೊಂಡಿರುವುದರಿಂದ ಹಳೆಯ ಗೈಡ್ ಪುಸ್ತಕದಲ್ಲಿರುವ ರೂಮ್ ನಂಬರನ್ನು ನಂಬಿ ಹೊರಡಬೇಡಿ. ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಸಂಗ್ರಹ ಹುಡುಕುವ ಪುಟ ಇದೆ. ಅಲ್ಲಿ ಟಿಪ್ಪೂಸ್ ಟೈಗರ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಸಂಗ್ರಹ ಸಂಖ್ಯೆ 2545, ಜೊತೆಗೆ ಐ, ಎಸ್ ಎಂಬ ಎರಡಕ್ಷರ ಇರುವ ಪುಟವೇ ಸರಿಯಾದದ್ದು. ಈಗ ಪ್ರದರ್ಶನದಲ್ಲಿದೆಯೇ, ಇದ್ದರೆ ಯಾವ ಕಟ್ಟಡದ ಯಾವ ರೂಮಿನಲ್ಲಿ ಎಂದು ಆ ಪುಟವೇ ತಿಳಿಸುತ್ತದೆ. ಹೊರಡುವ ಹಿಂದಿನ ದಿನ ಮಗಳ ಹತ್ತಿರ ನೋಡಿಸಿಕೊಳ್ಳಿ. ಬರೀ ಹುಲಿಗಲ್ಲ, ಯಾವ ಮ್ಯೂಸಿಯಂನ ಯಾವ ವಸ್ತುವಿಗೇ ಆಗಲಿ, ಅದೊಂದನ್ನೇ ನೆಚ್ಚಿ ಹೋಗುವಾಗ ಈ ಕೆಲಸ ತಪ್ಪಿಸಬೇಡಿ. ವಸ್ತುಗಳು ಸಾಲಕ್ಕೆ ಬೇರೆ ಊರಿಗೆ ಹೋಗಿರುತ್ತವೆ, ದುರಸ್ತಿಗೆ ಒಳಗೆ ಹೋಗಿರುತ್ತವೆ, ಸಿಬ್ಬಂದಿ ಸಾಲದೆ ಇಡೀ ರೂಮನ್ನೇ ಆ ದಿನ ಮುಚ್ಚಿರುತ್ತಾರೆ.

ಹುಲಿಯ ಮುಂದೆ ನಿಂತಾಗ ಏನನ್ನು ಗಮನಿಸಬೇಕು? ಉದ್ದ 178 ಸೆಂಟಿಮೀಟರ್, ಎತ್ತರ 71. ಬಣ್ಣ ಬಳಿದ ಮರ. ಅಂಗಾತ ಬಿದ್ದಿರುವ ಯುರೋಪಿಯನ್ ಉಡುಪಿನ ಮನುಷ್ಯನ ಮೇಲೆ ಹುಲಿ ಏರಿ ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಭುಜದ ಬಳಿ ಒಂದು ಹಿಡಿಕೆ ಇದೆ, ಮೊದಲು ಅದನ್ನು ಹುಡುಕಿ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ: ಮನುಷ್ಯನ ಎಡಗೈ ಮೇಲೆದ್ದು ಇಳಿಯುತ್ತದೆ, ಅವನ ಬಾಯಿಂದ ನರಳುವ ಸದ್ದು ಬರುತ್ತದೆ, ಹುಲಿ ಗುರುಗುಟ್ಟುತ್ತದೆ. ಆಮೇಲೆ ಹುಲಿಯ ಪಕ್ಕೆಗೆ ಬನ್ನಿ. ಅಲ್ಲಿ ತೆರೆಯುವ ಮುಚ್ಚಳವೊಂದಿದ್ದು, ಅದರೊಳಗೆ ದಂತದ 18 ಗುಂಡಿಗಳಿರುವ ಪುಟ್ಟ ಆರ್ಗನ್ ಇದೆ, ಅಂದರೆ ಬೇಕೆಂದಾಗ ಅದರಲ್ಲಿ ರಾಗವನ್ನೂ ನುಡಿಸಬಹುದಿತ್ತು. ಮುಂದಿನಿಂದ ಒಂದು ಫೋಟೊ ತೆಗೆದು ಹೊರಟುಬಿಡುವವರಿಗೆ ಇದು ಕಾಣುವುದೇ ಇಲ್ಲ. ಈಗ ಹಿಡಿಕೆ ತಿರುಗಿಸಲು ಪ್ರೇಕ್ಷಕರಿಗೆ ಬಿಡುವುದಿಲ್ಲ. ಸದ್ದು ಕೇಳಬೇಕೆಂದಿದ್ದರೆ ಮ್ಯೂಸಿಯಂನವರೇ ಮಾಡಿದ ವಿಡಿಯೊ ಇದೆ, ಹೋಗುವ ಮೊದಲೇ ಮನೆಯಲ್ಲಿ ನೋಡಿಕೊಂಡರೆ ಎದುರಿಗೆ ನಿಂತಾಗ ಯಾವ ಭಾಗ ಏನು ಮಾಡುತ್ತದೆ ಎಂಬುದು ತಿಳಿಯುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕ ಈ ಹುಲಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಲಂಡನ್ನಿಗೆ ಬಂತು. 1808ರಲ್ಲಿ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ ಜನರಿಗೆ ತೋರಿಸಲು ಇಟ್ಟರು. ಆಗ ಬಂದವರೆಲ್ಲ ಹಿಡಿಕೆ ತಿರುಗಿಸುತ್ತಿದ್ದರು, ಪಕ್ಕದ ಗ್ರಂಥಾಲಯದಲ್ಲಿ ಓದುತ್ತಿದ್ದವರು ಆ ಸದ್ದಿಗೆ ಬೇಸತ್ತು ಹೋಗಿದ್ದರು. ಮುಂದೆ 1880ರ ಹೊತ್ತಿಗೆ ಅದು ಸೌತ್ ಕೆನ್ಸಿಂಗ್ಟನ್ ಸೇರಿತು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಪೆಟ್ಟು ತಿಂದು, ಮತ್ತೆ ಜೋಡಿಸಿದ ರೂಪ ಈಗ ನೀವು ನೋಡುವುದು. ದರಿಯಾ ದೌಲತ್‌ನ ಗೋಡೆಚಿತ್ರಗಳನ್ನು ನೋಡಿ ಬಂದ ಮೈಸೂರಿನವರಿಗೆ ಇದು ಮತ್ತಷ್ಟು ಹತ್ತಿರ ಅನಿಸುತ್ತದೆ. ಇಂಗ್ಲಿಷರು ಸೋತ ಪೊಲ್ಲಿಲೂರು ಯುದ್ಧದ ಆ ಚಿತ್ರಗಳು, ಈ ಹುಲಿ, ಎರಡೂ ಹೇಳುತ್ತಿರುವುದು ಇಂಗ್ಲಿಷರ ಮೇಲಿನ ಒಂದೇ ಹಗೆಯನ್ನು. ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿತಲೆ ಬೇಕೆಂದರೆ ವಿಂಡ್ಸರ್ ಕೋಟೆಗೆ ಹೋಗಬೇಕು. ಅದು ರಾಜಮನೆತನದ ಸಂಗ್ರಹ, ಅಲ್ಲಿ ಟಿಕೆಟ್ ಇದೆ, ಅದಕ್ಕೇ ಒಂದು ದಿನ ಹಿಡಿಯುತ್ತದೆ.

ವಿ ಅಂಡ್ ಎ ಒಂದರಲ್ಲೇ ನಿಮ್ಮಿಬ್ಬರ ಆಸಕ್ತಿಯೂ ತೀರುತ್ತದೆ. ಒಡವೆಗಳ ಗ್ಯಾಲರಿ 91ರಿಂದ 93ರವರೆಗಿನ ರೂಮುಗಳಲ್ಲಿ. ಕತ್ತಲೆಯ ಕೋಣೆ, ಗಾಜಿನ ಕಪಾಟುಗಳಲ್ಲಿ ಸಾವಿರಾರು ಆಭರಣ. ಇಸ್ಲಾಮಿಕ್ ಗ್ಯಾಲರಿಯ, ಅಂದರೆ 42ನೇ ರೂಮಿನ, ನಡುವೆ ಹಾಸಿರುವ ಆರ್ಡಬಿಲ್ ಕಾರ್ಪೆಟ್‌ಗೆ ಮಾತ್ರ ಸಮಯ ನೋಡಿಕೊಂಡು ಹೋಗಿ. 1539–40ರಲ್ಲಿ ಇರಾನಿನಲ್ಲಿ ನೇಯ್ದ ಆ ಕಾರ್ಪೆಟ್‌ನ ಬಣ್ಣ ಮಾಸದಿರಲೆಂದು ಪ್ರತಿ ಗಂಟೆಗೆ ಮತ್ತು ಪ್ರತಿ ಅರ್ಧ ಗಂಟೆಗೆ ಹತ್ತೇ ನಿಮಿಷ ದೀಪ ಹಾಕುತ್ತಾರೆ. ಹನ್ನೊಂದೂ ಕಾಲಕ್ಕೆ ಹೋದರೆ ಮಂಕು ಬೆಳಕಿನಲ್ಲಿ ದೊಡ್ಡದೊಂದು ಜಮಖಾನ ಕಾಣುತ್ತದೆ, ಅಷ್ಟೆ. ಹನ್ನೊಂದೂವರೆಗೆ ಐದು ನಿಮಿಷ ಮುಂಚೆ ಹೋಗಿ ಪಕ್ಕದ ಬೆಂಚಿನಲ್ಲಿ ಕುಳಿತರೆ, ದೀಪ ಬಂದಾಗ ಗಂಟುಗಳ ನಡುವಿನ ಬಣ್ಣದ ಛಾಯೆಗಳೆಲ್ಲ ಕಾಣುತ್ತವೆ. ನೇಯ್ಗೆ ಬಲ್ಲವರು ತಪ್ಪಿಸಿಕೊಳ್ಳಬಾರದ ಹತ್ತು ನಿಮಿಷ ಅದು.

ಇಲ್ಲಿಗೆ ಬರುವ ದಾರಿಯ ಬಗ್ಗೆ ಎಲ್ಲರೂ ಹೇಳುವುದು ಸೌತ್ ಕೆನ್ಸಿಂಗ್ಟನ್ ಟ್ಯೂಬ್ (ನೆಲದಡಿಯ ರೈಲು) ನಿಲ್ದಾಣ ಮತ್ತು ಅಲ್ಲಿಂದ ಮ್ಯೂಸಿಯಂಗಳಿಗಿರುವ ಸುರಂಗದ ಕಾಲುದಾರಿ. ಮಳೆಗೆ ಅದು ಅನುಕೂಲವೇ. ಆದರೆ ಆ ನಿಲ್ದಾಣದಲ್ಲಿ ಮೆಟ್ಟಿಲು ಬಹಳ. ಯಜಮಾನರ ಮಂಡಿಗೆ ಬಸ್ಸೇ ವಾಸಿ: 14 ಮತ್ತು 74ನೇ ನಂಬರಿನ ಬಸ್ಸುಗಳು ವಿ ಅಂಡ್ ಎ ಹತ್ತಿರವೇ ನಿಲ್ಲುತ್ತವೆ. ಲಂಡನ್ನಿನ ಬಸ್ಸುಗಳ ಬಾಗಿಲು ತಗ್ಗು, ಮುಂದಿನ ಸೀಟುಗಳು ವಯಸ್ಸಾದವರಿಗೆ, ಬಸ್ಸಿಂದ ಊರೂ ಕಾಣುತ್ತದೆ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೋ ಮೊದಲೇ ದುಡ್ಡು ತುಂಬಿಸಿಡುವ ಆಯ್ಸ್ಟರ್ ಪ್ರಯಾಣ ಕಾರ್ಡನ್ನೋ ಹತ್ತುವಾಗ ತಾಗಿಸಬೇಕು. ಮೊದಲ ಸಲ ತಾಗಿಸಿದ ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಮತ್ತೆ ದುಡ್ಡು ಹೋಗುವುದಿಲ್ಲ, ಆದರೆ ಅದೇ ಕಾರ್ಡ್ ತಾಗಿಸಿರಬೇಕು. ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ನಮ್ಮ ಬ್ಯಾಂಕ್ ಕಾರ್ಡಾದರೆ ಹೊರದೇಶದ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಮೈಸೂರಿನಲ್ಲೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಸಿಕೊಂಡು ಹೊರಡಿ.

ಬ್ರಿಟಿಷ್ ಮ್ಯೂಸಿಯಂಗೆ ಐದು ದಿನದಲ್ಲಿ ಎರಡು ಸಲ ಹೋಗಿ: ಒಂದು ವಾರದ ದಿನ ಬೆಳಿಗ್ಗೆ ಹತ್ತಕ್ಕೆ, ಇನ್ನೊಂದು ಶುಕ್ರವಾರ ಸಂಜೆ. ಉಳಿದ ದಿನ ಐದಕ್ಕೆ ಮುಚ್ಚುವ ಈ ಮ್ಯೂಸಿಯಂ ಶುಕ್ರವಾರ ಮಾತ್ರ ರಾತ್ರಿ ಎಂಟೂವರೆಯವರೆಗೆ ತೆರೆದಿರುತ್ತದೆ. ಉಚಿತವಾದರೂ ವೆಬ್‌ಸೈಟಿನಲ್ಲಿ ದಿನ, ಸಮಯ ಆರಿಸಿ ಟಿಕೆಟ್ ಕಾಯ್ದಿರಿಸಿ. ಗೇಟಿನ ಹೊರಗೆ ಬ್ಯಾಗ್ ತಪಾಸಣೆಯ ಕ್ಯೂ ಇರುತ್ತದೆ, ಕಾಯ್ದಿರಿಸಿದವರು ಬೇಗ ಒಳಗೆ ಹೋಗುತ್ತಾರೆ. ಟಿಕೆಟ್ ಮ್ಯೂಸಿಯಂನ ಸ್ವಂತ ಜಾಲತಾಣದಲ್ಲೇ ತೆಗೆಯಿರಿ. ಗೂಗಲ್‌ನಲ್ಲಿ ಹುಡುಕಿದರೆ ಉಚಿತ ಮ್ಯೂಸಿಯಂಗೂ ಹತ್ತಾರು ಪೌಂಡ್ ಬೆಲೆಯ ಟಿಕೆಟ್ ಮಾರುವ ಮಧ್ಯವರ್ತಿಗಳೇ ಮೊದಲು ಸಿಗುತ್ತಾರೆ. ಮ್ಯೂಸಿಯಂನ ಪುಟದಲ್ಲಿ ಕೊನೆಗೆ ಐದು ಪೌಂಡ್ ದೇಣಿಗೆ ಕೊಡುತ್ತೀರಾ ಎಂದು ಕೇಳಬಹುದು. ಕೊಟ್ಟರೆ ಒಳ್ಳೆಯದೇ, ಕಡ್ಡಾಯವಲ್ಲ. ಮಗಳು ಅಲ್ಲಿ ತೆರಿಗೆ ಕಟ್ಟುವವಳಾದರೆ ಗಿಫ್ಟ್ ಏಡ್ ಎಂಬ ಕಡೆ ಗುರುತು ಹಾಕಿ ತನ್ನ ಹೆಸರಿನಲ್ಲಿ ಕೊಡಲಿ, ಆಗ ಸರ್ಕಾರದಿಂದ ಮ್ಯೂಸಿಯಂಗೆ ಇನ್ನಷ್ಟು ಹಣ ಸೇರುತ್ತದೆ.

ಮುಂಬಾಗಿಲಿನ ಕಂಬಗಳ ಕೆಳಗೆ ಮೆಟ್ಟಿಲುಗಳಿವೆ, ಅವುಗಳ ಬದಿಯಲ್ಲೇ ಲಿಫ್ಟ್ ಇದೆ, ಕೇಳಲು ಸಂಕೋಚ ಬೇಡ. ಹತ್ತು ಗಂಟೆಗೆ ಒಳಗೆ ಹೋದ ಕೂಡಲೇ ಎಲ್ಲೂ ನಿಲ್ಲದೆ ನಡುವಿನ ದೊಡ್ಡ ಅಂಗಳ ಗ್ರೇಟ್ ಕೋರ್ಟ್‌ನ ಎಡಕ್ಕೆ, 4ನೇ ರೂಮಿಗೆ ನಡೆಯಿರಿ. ರೊಸೆಟ್ಟಾ ಶಿಲೆ ಅಲ್ಲಿದೆ. ಹನ್ನೊಂದಾಗುವಷ್ಟರಲ್ಲಿ ಅದರ ಸುತ್ತ ನಾಲ್ಕು ಸಾಲು ಜನ ನಿಲ್ಲುತ್ತಾರೆ. ಮೇಲೆ ಈಜಿಪ್ಟಿನ ಚಿತ್ರಲಿಪಿ, ನಡುವೆ ಅಲ್ಲಿನವರ ದಿನಬಳಕೆಯ ಲಿಪಿ ಡೆಮೋಟಿಕ್, ಕೆಳಗೆ ಗ್ರೀಕ್: ಕ್ರಿಸ್ತಪೂರ್ವ 196ರ ಒಂದೇ ಶಾಸನ ಮೂರು ಲಿಪಿಗಳಲ್ಲಿ. ಗ್ರೀಕ್ ಬಲ್ಲವರು ಚಿತ್ರಲಿಪಿಯನ್ನು ಓದಲು ದಾರಿ ಸಿಕ್ಕಿದ್ದು ಇದರಿಂದಲೇ, ಶಾಸನಗಳ ನಾಡಿನಿಂದ ಹೋದವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಅದು ಈಜಿಪ್ಟಿನಲ್ಲಿ ಸಿಕ್ಕಿದ್ದೂ 1799ರ ಬೇಸಿಗೆಯಲ್ಲೇ, ಶ್ರೀರಂಗಪಟ್ಟಣ ಬಿದ್ದ ಎರಡು ತಿಂಗಳಿಗೆ. ನೆಪೋಲಿಯನ್ನನ ಸೈನಿಕರ ಕೈಗೆ ಮೊದಲು ಸಿಕ್ಕ ಕಲ್ಲು ಅದು. ಆ ನೆಪೋಲಿಯನ್ನನ ನೆರವು ಟಿಪ್ಪುವಿಗೆ ಬಂದೀತೆಂಬ ಭಯವೂ ಇಂಗ್ಲಿಷರ ಅವಸರಕ್ಕೆ ಒಂದು ಕಾರಣವಾಗಿತ್ತು. ಹತ್ತಿರದಿಂದ ನೋಡಲು ನೂಕುನುಗ್ಗಲಾದರೆ ಚಿಂತೆ ಬೇಡ. ಅದೇ ಮಹಡಿಯ ಇನ್ನೊಂದು ಬದಿಯ 1ನೇ ರೂಮಿನಲ್ಲಿ ಅದರ ಪಡಿಯಚ್ಚನ್ನು ಗಾಜಿಲ್ಲದೆ ಇಟ್ಟಿದ್ದಾರೆ, ಕೈಯಿಂದ ಮುಟ್ಟಿಯೂ ನೋಡಬಹುದು. ಅಲ್ಲಿ ಜನವೂ ಕಡಿಮೆ.

ಅಲ್ಲಿಂದ 10ನೇ ರೂಮಿಗೆ ಹೋಗಿ. ಅಸ್ಸೀರಿಯಾದ ರಾಜ ಅಶೂರ್‌ಬಾನಿಪಾಲನ ಸಿಂಹಬೇಟೆಯ ಉಬ್ಬುಶಿಲ್ಪಗಳು ಗೋಡೆಯುದ್ದಕ್ಕೂ ಇವೆ, ಕ್ರಿಸ್ತಪೂರ್ವ ಏಳನೇ ಶತಮಾನದವು. ಬಾಣ ನಾಟಿ ಹಿಂಗಾಲುಗಳ ಸ್ವಾಧೀನ ತಪ್ಪಿದ ಹೆಣ್ಣುಸಿಂಹವೊಂದು ಮುಂಗಾಲುಗಳ ಬಲದಲ್ಲೇ ಮೈ ಎಳೆದುಕೊಂಡು ಘರ್ಜಿಸುತ್ತಿದೆ. ಇಡೀ ಮ್ಯೂಸಿಯಂನಲ್ಲಿ ಇದಕ್ಕಿಂತ ಮನ ಕಲಕುವ ಶಿಲ್ಪ ಮತ್ತೊಂದಿಲ್ಲ. ಗ್ರೀಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳು ಪಕ್ಕದಲ್ಲೇ, 18ನೇ ರೂಮಿನಲ್ಲಿ, ಕೂರಲು ಜಾಗವೂ ಇದೆ. ಮಮ್ಮಿಗಳಿರುವ ಮೇಲಿನ 62, 63ನೇ ರೂಮುಗಳನ್ನು ಶುಕ್ರವಾರ ಸಂಜೆಗೆ ಬಿಡಿ. ಹಗಲು ಹೊತ್ತಿನಲ್ಲಿ ಶಾಲಾ ಮಕ್ಕಳ ಗುಂಪುಗಳು ಸಾಲಾಗಿ ಅಲ್ಲಿಗೇ ಬರುತ್ತವೆ. ಮೊದಲ ದಿನ ಇಷ್ಟು ಸಾಕು, ಹನ್ನೆರಡೂವರೆಗೆ ಹೊರಟುಬಿಡಿ.

ಶುಕ್ರವಾರ ಸಂಜೆ ಮರಳಿ ಬಂದಾಗ ಮಾಂಟೇಗ್ಯೂ ಪ್ಲೇಸ್ ಕಡೆಯ ಹಿಂಬದಿಯ 33ನೇ ರೂಮಿಗೆ ಮೊದಲು ಹೋಗಿ. ಚೀನಾ ಮತ್ತು ದಕ್ಷಿಣ ಏಷ್ಯಾದ ಗ್ಯಾಲರಿ ಅದು. ಅದರ ಒಂದು ತುದಿಯಲ್ಲಿ, ಗಾಜಿನ ಬಾಗಿಲಿನಾಚೆ, ಕೃಷ್ಣಾ ದಂಡೆಯ ಅಮರಾವತಿ ಸ್ತೂಪದ ಶಿಲ್ಪಗಳಿರುವ 33ಎ. ಟಿಪ್ಪುವಿನ ನಂತರ ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿಯೇ ಅಮರಾವತಿಯ ಕಲ್ಲುಗಳ ಚಿತ್ರ ಬರೆಸಿದವನು. ಅಲ್ಲಿ ಎರಡೂ ಮುಖಗಳಲ್ಲಿ ಕೆತ್ತಿದ ಒಂದು ಚಪ್ಪಡಿಯನ್ನು ಹುಡುಕಿ. ಒಂದು ಮುಖದಲ್ಲಿ ಬೋಧಿವೃಕ್ಷ, ಅದರಡಿ ಖಾಲಿ ಪೀಠ, ಬುದ್ಧನ ರೂಪವಿಲ್ಲ. ಸುಮಾರು ಮೂರು ಶತಮಾನಗಳ ಬಳಿಕ ಅದೇ ಕಲ್ಲನ್ನು ತಿರುಗಿಸಿ ಹಿಂಬದಿಗೆ ಅಲಂಕೃತ ಸ್ತೂಪವೊಂದನ್ನು ಕೆತ್ತಿದ್ದಾರೆ. ಕಲ್ಲಿನ ಸುತ್ತ ಒಂದು ಸುತ್ತು ಬಂದರೆ ಬೌದ್ಧ ಶಿಲ್ಪ ಬೆಳೆದ ದಾರಿಯೇ ಕಣ್ಣಿಗೆ ಕಟ್ಟುತ್ತದೆ. ಸಮಯ ಸಿಕ್ಕರೆ ಹೊರಡುವ ಮೊದಲು ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಚಿತ್ರಗಳನ್ನು ನೋಡಿಕೊಂಡು ಹೋಗಿ. ಅದೂ ಇದೇ ಶಿಲ್ಪಪರಂಪರೆಗೆ ಸೇರಿದ್ದು. ನಮ್ಮಲ್ಲೇ ಇರುವ ಅದನ್ನು ಕಂಡವರು ಬಹಳ ಕಡಿಮೆ.

ಬ್ಯಾಗಿನ ಬಗ್ಗೆ ಎಚ್ಚರ ಇರಲಿ. ಬ್ರಿಟಿಷ್ ಮ್ಯೂಸಿಯಂಗೆ ಚಕ್ರದ ಸೂಟ್‌ಕೇಸನ್ನು, 40, 40, 50 ಸೆಂಟಿಮೀಟರಿಗಿಂತ ದೊಡ್ಡ ಬ್ಯಾಗನ್ನು ತರುವಂತಿಲ್ಲ. ವಿಮಾನ ಇಳಿದು ನೇರ ಬರುವವರು ಗೇಟಿನಲ್ಲೇ ವಾಪಸಾಗುವುದು ಇದಕ್ಕೇ. ನ್ಯಾಷನಲ್ ಗ್ಯಾಲರಿಯಲ್ಲಿ ನಿಯಮ ಇನ್ನೂ ಬಿಗಿ: ಚಿತ್ರಗಳ ಮೇಲೆ ಸೂಪ್ ಎರಚಿದ ಘಟನೆಗಳ ನಂತರ, 2024ರ ಅಕ್ಟೋಬರ್‌ನಿಂದ, ದ್ರವ ಪದಾರ್ಥ ಒಯ್ಯುವುದನ್ನು ನಿಷೇಧಿಸಿದರು. ಮಗುವಿನ ಹಾಲಿಗೆ, ವೈದ್ಯರು ಬರೆದುಕೊಟ್ಟ ಔಷಧಿಗೆ ವಿನಾಯಿತಿ ಇದೆ. ಫ್ಲಾಸ್ಕಿನ ಕಾಫಿ, ಮಜ್ಜಿಗೆ ಆ ದಿನ ಮನೆಯಲ್ಲೇ ಇರಲಿ. ಮಾತ್ರೆಗಳ ಜೊತೆ ವೈದ್ಯರ ಚೀಟಿಯೂ ಇರಲಿ.

ನ್ಯಾಷನಲ್ ಗ್ಯಾಲರಿ ಟ್ರಫಾಲ್ಗರ್ ಚೌಕದಲ್ಲಿದೆ, ಹತ್ತರಿಂದ ಆರು, ಶುಕ್ರವಾರ ರಾತ್ರಿ ಒಂಬತ್ತರವರೆಗೆ. 1824ರಲ್ಲಿ 38 ಚಿತ್ರಗಳಿಂದ ಆರಂಭವಾಗಿ ಈಗ ಎರಡು ಸಾವಿರದ ಮುನ್ನೂರು ದಾಟಿದೆ. ನವೀಕರಣವಾಗಿ 2025ರ ಮೇ ತಿಂಗಳಲ್ಲಿ ಮತ್ತೆ ತೆರೆದ ಸೇನ್ಸ್‌ಬರಿ ವಿಂಗ್ ಕಡೆಯಿಂದ ಒಳಗೆ ಹೋಗಿ, ಲಿಫ್ಟ್ ಇದೆ. ಚಿತ್ರಗಳನ್ನು ಬಹುಮಟ್ಟಿಗೆ ಕಾಲಾನುಕ್ರಮದಲ್ಲಿ ತೂಗುಹಾಕಿರುವುದರಿಂದ ಎಲ್ಲವನ್ನೂ ನೋಡುತ್ತ ಹೊರಟರೆ ವ್ಯಾನ್ ಗೋನ ಸೂರ್ಯಕಾಂತಿ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಐದಾರು ಚಿತ್ರ ಆರಿಸಿಕೊಂಡು, ಒಂದೊಂದರ ಮುಂದೆ ಹತ್ತು ನಿಮಿಷ ಕುಳಿತು ನೋಡಿ. ಇಲ್ಲಿ ಸೋಫಾಗಳಿಗೆ ಬರವಿಲ್ಲ.

ಹೋಲ್ಬೈನ್ 1533ರಲ್ಲಿ ಬರೆದ 'ದಿ ಅಂಬಾಸಡರ್ಸ್' ಆ ಐದಾರರಲ್ಲಿ ಇರಲೇಬೇಕು. ಎರಡು ಮೀಟರ್ ಅಗಲ, ಹೆಚ್ಚುಕಡಿಮೆ ಅಷ್ಟೇ ಎತ್ತರದ ಚಿತ್ರ. ಇಬ್ಬರು ಶ್ರೀಮಂತರು, ನಡುವೆ ಗೋಳಗಳು, ಗಡಿಯಾರಗಳು, ಒಂದು ವಾದ್ಯ. ಮೊದಲು ಎದುರಿಗೆ ನಿಂತು ವಾದ್ಯ ನೋಡಿ, ಒಂದು ತಂತಿ ಕಿತ್ತಿದೆ. ಮೇಲಿನ ಎಡ ಮೂಲೆಯಲ್ಲಿ ಹಸಿರು ಪರದೆಯ ಅಂಚಿನಿಂದ ಶಿಲುಬೆಯೊಂದು ಅರ್ಧ ಇಣುಕುತ್ತಿದೆ. ಕೆಳಗೆ ನೆಲದ ಮೇಲೆ ಓರೆಯಾಗಿ ಚಾಚಿದ ಬೂದುಬಣ್ಣದ ವಿಚಿತ್ರ ಆಕಾರ ಏನೆಂದು ಎದುರಿನಿಂದ ಎಷ್ಟು ನೋಡಿದರೂ ತಿಳಿಯುವುದಿಲ್ಲ. ಈಗ ಚಿತ್ರದ ಬಲಭಾಗಕ್ಕೆ, ಗೋಡೆಯ ಹತ್ತಿರಕ್ಕೆ ಸರಿದು, ಕಣ್ಣನ್ನು ಚಿತ್ರದ ಅಂಚಿಗೆ ತಂದು ಓರೆಯಾಗಿ ನೋಡಿ. ಆ ಆಕಾರ ಕುಗ್ಗಿ ತಲೆಬುರುಡೆಯಾಗುತ್ತದೆ, ಅದೇ ಹೊತ್ತಿಗೆ ಇಬ್ಬರು ಶ್ರೀಮಂತರ ಮುಖಗಳು ಗುರುತು ಸಿಗದಷ್ಟು ಚಪ್ಪಟೆಯಾಗುತ್ತವೆ. ಫೋಟೊದಲ್ಲಿ ಇದು ಹೀಗೆ ಅನುಭವಕ್ಕೆ ಬರುವುದಿಲ್ಲ, ಕಾಲ ಮೇಲೆ ನಿಂತು ನಡೆದೇ ನೋಡಬೇಕು. ಹಗ್ಗ ಕಟ್ಟಿದ್ದರೆ ಅದನ್ನು ದಾಟಬೇಡಿ, ಅದರ ಅಂಚಿನಿಂದಲೂ ಕಾಣುತ್ತದೆ.

ಉಳಿದಂತೆ ವ್ಯಾನ್ ಐಕ್‌ನ 1434ರ ದಂಪತಿ ಚಿತ್ರ (ಹಿಂದಿನ ಗೋಡೆಯ ಪುಟ್ಟ ಕನ್ನಡಿಯಲ್ಲಿ ಮತ್ತಿಬ್ಬರು ಕಾಣುತ್ತಾರೆ), ಲಿಯೊನಾರ್ಡೊನ ಬಂಡೆಗಳ ನಡುವಿನ ಮೇರಿ, ಟರ್ನರ್‌ನ ಹಳೆಯ ಯುದ್ಧನೌಕೆ, ವ್ಯಾನ್ ಗೋ. ಅಲ್ಲಿಂದ ಹಿಂಬದಿಗೆ ಹೊರಳಿದರೆ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ. ಇಂಗ್ಲಿಷ್ ಇತಿಹಾಸದಲ್ಲಿ ವಿಶೇಷ ಆಸಕ್ತಿ ಇಲ್ಲದಿದ್ದರೆ ಬಿಡಬಹುದು.

ಟೇಟ್ ಎರಡಿವೆ. ನಿಮಗೆ ಹೇಳುವುದು ನದಿಯ ಉತ್ತರ ದಂಡೆಯ, ಮಿಲ್‌ಬ್ಯಾಂಕ್‌ನ ಟೇಟ್ ಬ್ರಿಟನ್. ಟರ್ನರ್ ತನ್ನ ಚಿತ್ರಗಳನ್ನು ದೇಶಕ್ಕೆ ಬಿಟ್ಟುಹೋದ. ಅವುಗಳಲ್ಲಿ ಬಹುಪಾಲು ಇಲ್ಲಿವೆ, ಸುಮಾರು ಮುನ್ನೂರು ತೈಲಚಿತ್ರ, ಸಾವಿರಗಟ್ಟಲೆ ಜಲವರ್ಣ ಮತ್ತು ರೇಖಾಚಿತ್ರ. ಮಂಜು, ಬೆಳಕು, ನೀರು ಮೂರರಲ್ಲೇ ಚಿತ್ರ ಕಟ್ಟಿದವನು ಅವನು. ಜನಸಂದಣಿ ಕಡಿಮೆ ಇರುವ ದೊಡ್ಡ ಗ್ಯಾಲರಿಯೂ ಇದೇ. ಟೇಟ್ ಮಾಡರ್ನ್ ಹಳೆಯ ವಿದ್ಯುತ್ ಸ್ಥಾವರದೊಳಗೆ 2000ದಲ್ಲಿ ತೆರೆದದ್ದು. ಕಟ್ಟಡ ಅದ್ಭುತ, ಟರ್ಬೈನ್ ಹಾಲ್ ಒಳಗೆ ಹತ್ತು ನಿಮಿಷ ನಿಂತು ಬಂದರೂ ಸಾರ್ಥಕ. ಆಧುನಿಕ ಕಲೆ ಇಷ್ಟವಿಲ್ಲದವರು ಅಲ್ಲಿ ಅರ್ಧ ದಿನ ಕಳೆಯಬೇಕಿಲ್ಲ.

ಟೇಟ್ ಬ್ರಿಟನ್ ಹೇಳಲು ಇನ್ನೊಂದು ಕಾರಣವಿದೆ. ಅದರ ಎದುರಿನ ದಂಡೆ ಲ್ಯಾಂಬೆತ್, ಅಲ್ಲಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಗ್ಯಾಲರಿಯಿಂದ ಹೊರಬಂದು ನದಿಯನ್ನು ಬಲಕ್ಕಿಟ್ಟುಕೊಂಡು ಲ್ಯಾಂಬೆತ್ ಸೇತುವೆಯವರೆಗೆ ನಡೆದು, ಸೇತುವೆ ದಾಟಿ, ಬಲಕ್ಕೆ ತಿರುಗಿ ನದಿಯಂಚಿನಲ್ಲೇ ಸಾಗಿ. ಮಂಡಿ ನೋವಿದ್ದರೆ ನಿಧಾನವಾಗಿ ಅರ್ಧ ಗಂಟೆ ಹಿಡಿಯಿರಿ, ದಾರಿ ಸಮತಟ್ಟು. ಇದನ್ನು ಗಡಿಯಾರ ಹಿಂದಕ್ಕಿಡುವ ಮೊದಲಿನ ಒಂದು ಒಣದಿನಕ್ಕೆ ಇಟ್ಟುಕೊಳ್ಳಿ.

ಸಣ್ಣ ಮ್ಯೂಸಿಯಂ ಒಂದಾದರೂ ಇರಲಿ ಎಂದರೆ ಲಿಂಕನ್ಸ್ ಇನ್ ಫೀಲ್ಡ್ಸ್‌ನ ಸರ್ ಜಾನ್ ಸೋನ್ ಮ್ಯೂಸಿಯಂ. ವಾಸ್ತುಶಿಲ್ಪಿಯೊಬ್ಬ ತನ್ನ ಮನೆಯನ್ನು ಇದ್ದ ಹಾಗೇ ಉಳಿಸಬೇಕೆಂದು 1833ರಲ್ಲಿ ಪಾರ್ಲಿಮೆಂಟಿನಿಂದಲೇ ಕಾಯ್ದೆ ಮಾಡಿಸಿಕೊಂಡ. ಬುಧವಾರದಿಂದ ಭಾನುವಾರದವರೆಗೆ ಮಾತ್ರ ತೆರೆದಿರುತ್ತದೆ, ಉಚಿತ. ಚಿತ್ರಗಳ ಕೋಣೆಯ ಗೋಡೆಗಳೇ ಬಾಗಿಲಿನಂತೆ ತೆರೆದು ಒಳಗೆ ಇನ್ನೊಂದು ಸಾಲು ಚಿತ್ರ ಕಾಣುತ್ತವೆ, ಸಿಬ್ಬಂದಿ ತೆರೆಯುವಾಗ ಅಲ್ಲಿರುವಂತೆ ನೋಡಿಕೊಳ್ಳಿ. ಆದರೆ ಓಣಿಗಳು ಇಕ್ಕಟ್ಟು, ಮೆಟ್ಟಿಲು ಇದ್ದದ್ದೇ. ಯಜಮಾನರಿಗೆ ಆ ದಿನ ನೋವು ಹೆಚ್ಚಿದ್ದರೆ ಬೇಡ.

ನಿಲ್ಲಲಾಗದವರಿಗೆ ದೊಡ್ಡ ಮ್ಯೂಸಿಯಂಗಳಲ್ಲಿ ಮಡಚುವ ಹಗುರ ಸ್ಟೂಲ್ ಸಿಗುತ್ತದೆ. ಒಳಗೆ ಹೋದ ಕೂಡಲೇ ಮಾಹಿತಿ ಕೌಂಟರಿನಲ್ಲಿ ಕೇಳಿ ಪಡೆದುಕೊಳ್ಳಿ, ಹೊರಡುವಾಗ ಹಿಂತಿರುಗಿಸಿದರಾಯಿತು. ಗಾಲಿಕುರ್ಚಿಯೂ ಇರುತ್ತದೆ. ಹೊರಗೆ ಚಳಿಯಿದ್ದರೂ ಒಳಗೆ ಬೆಚ್ಚಗಿರುತ್ತದೆ, ದಪ್ಪ ಕೋಟು ಹೊತ್ತು ತಿರುಗುವುದೇ ಅರ್ಧ ದಣಿವು. ಕೋಟನ್ನು ಕ್ಲೋಕ್‌ರೂಮಿನಲ್ಲಿ ಬಿಡಿ, ಸಣ್ಣ ಶುಲ್ಕ ಕೇಳಬಹುದು. ಫೋಟೊ ತೆಗೆಯಬಹುದು, ಫ್ಲಾಶ್ ಮತ್ತು ಸೆಲ್ಫಿ ಕೋಲು ಬೇಡ.

ಊಟದ ಡಬ್ಬಿ ಒಯ್ಯಿರಿ. ಗ್ಯಾಲರಿಗಳ ಒಳಗೆ ತಿನ್ನುವಂತಿಲ್ಲ, ಅಂಗಳದಲ್ಲಿ ತಿನ್ನಬಹುದು: ವಿ ಅಂಡ್ ಎ ನಡುವೆ ನೀರಿನ ಕೊಳವಿರುವ ಅಂಗಳವಿದೆ, ಬ್ರಿಟಿಷ್ ಮ್ಯೂಸಿಯಂ ಹಿಂದೆ ಐದು ನಿಮಿಷದ ದಾರಿಯಲ್ಲಿ ರಸೆಲ್ ಸ್ಕ್ವೇರ್ ಪಾರ್ಕ್. ಮಳೆ ಬಂದರೆ ಕೆಫೆಯೇ ಗತಿ. ವಿ ಅಂಡ್ ಎ ಕೆಫೆಯ ಹೆಂಚು, ಬಣ್ಣದ ಗಾಜಿನ ಹಳೆಯ ಕೋಣೆಗಳನ್ನು ಚಹಾ ನೆಪದಲ್ಲಾದರೂ ನೋಡಿ. ಅಲ್ಲಿ ಸಸ್ಯಾಹಾರವೆಂದು ಗುರುತು ಹಾಕಿದ ತಿಂಡಿಯಲ್ಲೂ ಮೊಟ್ಟೆ ಇರಬಹುದು. ಮೊಟ್ಟೆ ಬೇಡವಾದರೆ ವೀಗನ್ ಎಂದು ಬರೆದದ್ದನ್ನೇ ಆರಿಸಿ. ಬಿಸಿ ಊಟ ಬೇಕೆನಿಸಿದ ದಿನ ಯೂಸ್ಟನ್ ಹತ್ತಿರದ ಡ್ರಮಂಡ್ ಬೀದಿಗೆ ಹೋಗಿ, ನಮ್ಮ ಕಡೆಯ ಸಸ್ಯಾಹಾರಿ ಹೋಟೆಲುಗಳಿವೆ.

ನಿಮ್ಮ ನೇಯ್ಗೆಯ ಆಸಕ್ತಿಗೆ ಕೊನೆಯ ದಿನವನ್ನು ಪೂರ್ತಿ ಮೀಸಲಿಡಿ. 2025ರ ಮೇ 31ರಂದು ಪೂರ್ವ ಲಂಡನ್ನಿನ ಒಲಿಂಪಿಕ್ ಪಾರ್ಕ್‌ನಲ್ಲಿ ವಿ ಅಂಡ್ ಎ ತನ್ನ ಉಗ್ರಾಣವನ್ನೇ ಜನರಿಗೆ ತೆರೆದಿದೆ, ಹೆಸರು ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್. ಒಳಗೆ ಹೋಗಲು ದುಡ್ಡಿಲ್ಲ. ಆಗ್ರಾ ಕೋಟೆಯ ಸ್ನಾನಗೃಹದ ಅಮೃತಶಿಲೆಯ ಕಂಬಸಾಲು ಅಲ್ಲಿದೆ. ಅದಕ್ಕಿಂತ ಮುಖ್ಯವಾದದ್ದು ಬೇಕಾದ ವಸ್ತುವನ್ನು ಹೆಸರಿಸಿ ತರಿಸಿ ನೋಡುವ ಸೌಲಭ್ಯ. ಸಂಗ್ರಹದ ಪುಟದಲ್ಲಿ ಸೀರೆ, ಕುಪ್ಪಸ, ಮೈಸೂರು, ಧಾರವಾಡ, ಬೀದರ್, ಬಿದರಿ ಹೀಗೆ ಇಂಗ್ಲಿಷಿನಲ್ಲಿ ಹುಡುಕಿ. ಎಲ್ಲಿದೆ ಎಂಬ ಕಡೆ ಈಸ್ಟ್ ಸ್ಟೋರ್‌ಹೌಸ್ ಎಂದಿರುವ ವಸ್ತುಗಳನ್ನು ಮಾತ್ರ ಆರಿಸಿ, ಒಂದು ಭೇಟಿಗೆ ಐದರವರೆಗೆ ಕೇಳಬಹುದು. ನಿಗದಿಯಾದ ಹೊತ್ತಿಗೆ ಸಿಬ್ಬಂದಿ ಅವನ್ನು ತೆಗೆದು ನಿಮ್ಮ ಮುಂದೆ ಇಡುತ್ತಾರೆ. ಗಾಜಿನ ಆಚೆ ಮಡಚಿಟ್ಟ ಸೀರೆಯನ್ನು ನೋಡುವುದಕ್ಕೂ, ಸೆರಗು, ಅಂಚು, ಹಿಂಬದಿಯ ಎಳೆಗಳನ್ನು ಹತ್ತಿರ ಕುಳಿತು ನೋಡುವುದಕ್ಕೂ ಬಹಳ ವ್ಯತ್ಯಾಸ. ಹ್ಯಾಕ್ನಿ ವಿಕ್ ಸ್ಟೇಷನ್ ಹತ್ತಿರ, ಸ್ಟ್ರ್ಯಾಟ್‌ಫರ್ಡ್‌ನಿಂದ ನಡಿಗೆ ಜಾಸ್ತಿ. ಈ ಭೇಟಿಗೆ ಕನಿಷ್ಠ ಎರಡು ವಾರ ಮೊದಲೇ ಕೋರಿಕೆ ಹಾಕಬೇಕು, ಆದ್ದರಿಂದ ಸೆಪ್ಟೆಂಬರ್ ಮುಗಿಯುವುದರೊಳಗೆ, ಮೈಸೂರಿನಿಂದಲೇ ವಸ್ತುಗಳನ್ನು ಆರಿಸಿ ಬುಕ್ ಮಾಡಿಬಿಡಿ.